ತಿಂಗಳಿಗೆ ಎಷ್ಟು ಬರುತ್ತೆ?

ಇವತ್ತು ರಾಜಕೀಯ ಮಾತಾಡಲ್ಲ. ಯಾರು ಯಾರ ಮನೆಗೆ ಊಟಕ್ಕೆ ಹೋದರು, ಯಾರ ಮುಖ ಊದಿಕೊಂಡಿತ್ತು, ಯಾರು ದೆಹಲಿ ವಿಮಾನ ಹತ್ತಿದರು, ಅದೆಲ್ಲ ನಾಳೆ ಬೆಳಗ್ಗೆಯೂ ಇರುತ್ತೆ. ಎಲ್ಲಿಗೂ ಓಡಿಹೋಗಲ್ಲ. ಇವತ್ತು ಒಬ್ಬ ಹುಡುಗನ ವಿಷಯ ಹೇಳ್ತೀನಿ. ಕೊನೆಗೆ ಅದು ನಿಮ್ಮ ವಿಷಯವೂ ಆಗುತ್ತೆ, ನನ್ನ ವಿಷಯವೂ ಆಗುತ್ತೆ.

ಹುಡುಗ ಹಾವೇರಿ ಜಿಲ್ಲೆಯವನು. ಹೆಸರು ಬೇಡ. ನನ್ನ ಹಾಗೇ ಇಂಜಿನಿಯರಿಂಗ್ ಓದಿದವನು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಸೋಮವಾರದಿಂದ ಶುಕ್ರವಾರದವರೆಗೆ ಕಂಪ್ಯೂಟರು. ಶನಿವಾರ ಬಂತು ಅಂದ್ರೆ ಬೈಕು, ಹಾಳುಬಿದ್ದ ಗುಡಿ, ವೀರಗಲ್ಲು, ಮಾಸ್ತಿಕಲ್ಲು. ಕಲ್ಲಿನ ಮೇಲಿನ ಪಾಚಿ ಒರೆಸಿ ಒಂದೊಂದೇ ಅಕ್ಷರ ಓದೋದನ್ನ ತಾನೇ ಕಲಿತಿದ್ದಾನೆ. ಪತ್ರಿಕೆಗಳಿಗೆ ಹತ್ತಿಪ್ಪತ್ತು ಲೇಖನ ಬರೆದಿದ್ದಾನೆ. ಓದಿದ್ದೀನಿ, ಚೆನ್ನಾಗಿದೆ. ಏಳನೇ ಕ್ಲಾಸಿನ ಮಗುವಿಗೂ ಅರ್ಥವಾಗುವ ಹಾಗೆ ಬರೀತಾನೆ.

ಒಂದು ದಿನ ಕಾರ್ಯಕ್ರಮ ಮುಗಿಸಿ ಹೊರಗೆ ಬಂದಾಗ ಫೋನ್ ಮಾಡಿದ. "ಸರ್, ಕೆಲಸ ಬಿಡಬೇಕು ಅಂತಿದ್ದೀನಿ. ಪೂರ್ತಿಯಾಗಿ ಇತಿಹಾಸ ಬರ್ಕೊಂಡೇ ಬದುಕಬೇಕು ಅನ್ನೋ ಆಸೆ. ಯಾವ ಯೂನಿವರ್ಸಿಟಿಯೂ ಅಲ್ಲ, ಯಾವ ಪತ್ರಿಕೆಯ ನೌಕರಿಯೂ ಅಲ್ಲ. ಸ್ವತಂತ್ರವಾಗಿ."

"ಮನೆಯಲ್ಲಿ ಏನಂದ್ರು?" ಅಂದೆ.

"ಅಪ್ಪ ಒಂದೇ ಪ್ರಶ್ನೆ ಕೇಳಿದ್ರು ಸರ್. ತಿಂಗಳಿಗೆ ಎಷ್ಟು ಬರುತ್ತೆ?"

ನನಗೆ ನಗು ಬಂತು. ನಾನು ಇಂಜಿನಿಯರ್ ಕೆಲಸ ಬಿಟ್ಟು ಟಿವಿಗೆ ಬರ್ತೀನಿ ಅಂದಾಗ ನಮ್ಮ ಮನೆಯಲ್ಲೂ ಇದೇ ಪ್ರಶ್ನೆ. ಅಪ್ಪಂದಿರ ಪ್ರಶ್ನೆಪತ್ರಿಕೆ ಯಾವತ್ತೂ ಬದಲಾಗಲ್ಲ. ಆದರೆ ಹುಡುಗ ಮುಂದೆ ಹೇಳಿದ ಮಾತಿಗೆ ನನ್ನ ನಗು ನಿಂತುಹೋಯ್ತು.

"ಸರ್, ಒಬ್ಬರು ದೊಡ್ಡ ಮನುಷ್ಯರು ಕರೆಸಿದ್ರು. ತಮ್ಮ ಸಮುದಾಯದ ಒಬ್ಬ ಹಳೆಯ ವೀರನ ಬಗ್ಗೆ ಪುಸ್ತಕ ಬರೆದುಕೊಡು ಅಂದ್ರು. ಮೂರು ಲಕ್ಷ ಕೊಡ್ತಾರಂತೆ. ಒಂದೂವರೆ ಮುಂಗಡ."

"ಬರಿ, ಒಳ್ಳೇದೇ ಆಯ್ತಲ್ಲ."

"ಒಂದು ಕಂಡೀಷನ್ ಇದೆ ಸರ್. ಆ ವೀರನ ಬಗ್ಗೆ ಒಂದು ಶಾಸನ ಇದೆ. ಅವರು ನಂಬಿರೋ ಊರಿಗೂ, ಅವರು ಹೇಳೋ ವಂಶಕ್ಕೂ ಅದು ತಾಳೆಯಾಗಲ್ಲ. ಅದೊಂದನ್ನ ಬಿಟ್ಟುಬಿಡು ಅಂತಾರೆ. ಸುಳ್ಳು ಬರಿ ಅಂತ ಹೇಳ್ತಿಲ್ಲ ಸರ್. ಒಂದು ಕಲ್ಲನ್ನ ನೋಡಿಲ್ಲ ಅಂದ್ಕೊ ಅಂತಿದ್ದಾರೆ, ಅಷ್ಟೇ. ಏನ್ ಮಾಡ್ಲಿ?"

ಮೈಕ್ ಮುಂದೆ ದಿನಕ್ಕೆ ಗಂಟೆಗಟ್ಟಲೆ ಮಾತಾಡುವ ನನಗೆ ಆಗ ಬಾಯಿ ಬರಲಿಲ್ಲ. ಯೋಚನೆ ಮಾಡಿ ಹೇಳ್ತೀನಿ ಅಂದೆ. ಆ ಯೋಚನೆಯನ್ನೇ ಇವತ್ತು ನಿಮ್ಮ ಮುಂದೆ ಇಡ್ತಿದ್ದೀನಿ.

ಮೊದಲು ಅಪ್ಪನ ಪ್ರಶ್ನೆಗೇ ಬರೋಣ. ಆ ಪ್ರಶ್ನೆಯನ್ನ ಹಗುರವಾಗಿ ತಗೋಬೇಡಿ. ಇಂಜಿನಿಯರಿಂಗ್ ಓದಿದವನು ನಾನು, ಲೆಕ್ಕ ಹಾಕದೆ ಬಿಡಲ್ಲ.

ಒಂದು ಪುಸ್ತಕಕ್ಕೆ 200 ರೂಪಾಯಿ ಬೆಲೆ ಅಂತ ಇಟ್ಟುಕೊಳ್ಳಿ. ಲೇಖಕನಿಗೆ ಸಾಮಾನ್ಯವಾಗಿ ಸಿಗೋ ಗೌರವಧನ ನೂರಕ್ಕೆ ಹತ್ತು. ಅಂದ್ರೆ ಪ್ರತಿಗೆ 20 ರೂಪಾಯಿ. ಒಂದು ಸಾವಿರ ಪ್ರತಿ ಅಚ್ಚಾಯ್ತು, ಒಂದು ಸಾವಿರವೂ ಮಾರಾಟ ಆಯ್ತು, ದುಡ್ಡೂ ಸರಿಯಾಗಿ ಬಂತು ಅಂತಾನೇ ಅಂದುಕೊಳ್ಳೋಣ. ಒಟ್ಟು 20,000. ಒಂದು ಒಳ್ಳೆಯ ಇತಿಹಾಸದ ಪುಸ್ತಕಕ್ಕೆ ಎರಡು ವರ್ಷವಾದರೂ ಬೇಕು. ಊರೂರು ತಿರುಗಬೇಕು, ದಫ್ತರ ನೋಡಬೇಕು, ತಿಳಿದವರನ್ನ ಹುಡುಕಿಕೊಂಡು ಹೋಗಬೇಕು. 24 ತಿಂಗಳಿಗೆ ಹಂಚಿ. ತಿಂಗಳಿಗೆ 833 ರೂಪಾಯಿ. ಬೈಕಿನ ಪೆಟ್ರೋಲಿಗೂ ಸಾಲದು.

ಹಾಗಾದ್ರೆ ಪ್ರಕಾಶಕರು ಲೂಟಿ ಹೊಡೀತಿದ್ದಾರಾ? ಅದೂ ಅಲ್ಲ. ಕಾಗದ, ಅಚ್ಚು, ಗೋದಾಮು, ಸಾಗಾಟ ಎಲ್ಲ ಅವರ ತಲೆ ಮೇಲೆ. ಅಂಗಡಿಯವರಿಗೂ ವಿತರಕರಿಗೂ ಬೆಲೆಯಲ್ಲಿ ಮೂರರಲ್ಲೊಂದು ಪಾಲು ಹೋಗುತ್ತೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಗ್ರಂಥಾಲಯಗಳ ಸಗಟು ಖರೀದಿ ಇದೆ, ನಿಜ. ಆದರೆ ಅದನ್ನೇ ನಂಬಿಕೊಂಡು ಯಾರೂ ಮನೆಸಾಲದ ಕಂತು ಕಟ್ಟೋಕಾಗಲ್ಲ.

ಈಗ ಪಕ್ಕದಲ್ಲಿ ಇನ್ನೊಂದು ಅಂಕಿ ಬರೆಯಿರಿ. ಮೂರು ಲಕ್ಷ. ಒಂದು ಕಡೆ ನೀವೂ ನಾನೂ ಸೇರಿ ಕೊಡೋ 20,000. ಇನ್ನೊಂದು ಕಡೆ ಆ ದೊಡ್ಡ ಮನುಷ್ಯರು ಕೊಡೋ 3,00,000. ಹದಿನೈದು ಪಟ್ಟು. ನಡುವೆ ಒಂದೇ ಒಂದು ಕಲ್ಲು.

ಇಲ್ಲೇ ಇರೋದು ನೋಡಿ ಇಡೀ ವಿಷಯ. ಇತಿಹಾಸ ಬರೆಯುವವನಿಗೆ ಓದುಗ ದುಡ್ಡು ಕೊಡದಿದ್ದರೆ ಬೇರೆ ಯಾರೋ ಕೊಡ್ತಾರೆ. ದುಡ್ಡು ಕೊಟ್ಟವರು ಸುಮ್ಮನೆ ಕೊಡಲ್ಲ.

ಹಿಂದಿನವರು ಏನ್ ಮಾಡಿದ್ರು? ಈ ಹುಡುಗನ ಜಿಲ್ಲೆಯವರೇ ಒಬ್ಬರಿದ್ರು. ತುಂಗಭದ್ರೆಗೆ ವರದಾ ನದಿ ಬಂದು ಸೇರುವ ಜಾಗದಲ್ಲಿ ಗಳಗನಾಥ ಅಂತ ಒಂದು ಊರಿದೆ. ಅಲ್ಲಿ 1869ರಲ್ಲಿ ಹುಟ್ಟಿದವರು ವೆಂಕಟೇಶ ತಿರಕೋ ಕುಲಕರ್ಣಿ. ಆ ಹೆಸರು ಹೇಳಿದ್ರೆ ಯಾರಿಗೂ ಗೊತ್ತಾಗಲ್ಲ. ಊರಿನ ಹೆಸರನ್ನೇ ತಮ್ಮ ಹೆಸರು ಮಾಡಿಕೊಂಡ್ರು, ಗಳಗನಾಥರು. ಶಾಲೆ ಮೇಷ್ಟರಾಗಿದ್ದವರು. ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನ ಕನ್ನಡಕ್ಕೆ ತಂದ್ರು, ವಿಜಯನಗರದ ಸ್ಥಾಪನೆಯ ಕಥೆಯನ್ನಿಟ್ಟುಕೊಂಡು 'ಮಾಧವ ಕರುಣಾ ವಿಲಾಸ' ಬರೆದ್ರು, ಅಗಡಿಯಿಂದ ಬರುತ್ತಿದ್ದ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯನ್ನ ಬೆಳೆಸಿದ್ರು.

ಆ ಕಾಲದ ಪರಿಸ್ಥಿತಿ ನೆನಪಿಸಿಕೊಳ್ಳಿ. ಕನ್ನಡ ಮಾತಾಡುವ ನಾಡು ಮುಂಬೈ ಪ್ರಾಂತ್ಯ, ಮದ್ರಾಸ್ ಪ್ರಾಂತ್ಯ, ಹೈದರಾಬಾದ್, ಮೈಸೂರು, ಕೊಡಗು ಅಂತ ಹರಿದು ಹಂಚಿಹೋಗಿತ್ತು. ಧಾರವಾಡದ ಕಡೆ ಓದು ಬರಹ ಬಲ್ಲವರು ಮರಾಠಿ ಪುಸ್ತಕ ಓದುತ್ತಿದ್ದ ಕಾಲ. ಕನ್ನಡ ಪುಸ್ತಕಕ್ಕೆ ಅಂಗಡಿ ಎಲ್ಲಿಂದ ಬರಬೇಕು? ಗಳಗನಾಥರು ಪುಸ್ತಕದ ಗಂಟು ಹೊತ್ತುಕೊಂಡು ಊರೂರು ತಿರುಗಿದ್ರು. ಬರೆದವರೂ ಅವರೇ, ಅಚ್ಚು ಹಾಕಿಸಿದವರೂ ಅವರೇ, ಮನೆಬಾಗಿಲಿಗೆ ಹೋಗಿ ಮಾರಿದವರೂ ಅವರೇ. ಇವತ್ತು ಮೊಬೈಲ್‌ನಲ್ಲಿ ಒತ್ತಿದ್ರೆ ಮನೆಗೆ ಪುಸ್ತಕ ಬರುತ್ತಲ್ಲ, ಆಗ ಲೇಖಕನೇ ಡೆಲಿವರಿ ಬಾಯ್.

ಅವರು ಶ್ರೀಮಂತರಾದ್ರಾ? ಇಲ್ಲ. ಆದರೆ ಒಂದು ವಿಷಯ ಗಮನಿಸಿ. ಗಂಟು ಹೊತ್ತವರಿಗೆ ಒಬ್ಬ ಧಣಿ ಇರಲಿಲ್ಲ, ಸಾವಿರಾರು ಧಣಿಗಳಿದ್ರು. ಒಬ್ಬೊಬ್ಬ ಓದುಗ ಕೊಟ್ಟ ನಾಲ್ಕಾಣೆ ಎಂಟಾಣೆ. ನಾಲ್ಕಾಣೆ ಕೊಟ್ಟವನು "ಈ ಅಧ್ಯಾಯ ತೆಗೆ" ಅಂತ ಹೇಳೋಕಾಗಲ್ಲ. ಮೂರು ಲಕ್ಷ ಕೊಟ್ಟವನು ಹೇಳ್ತಾನೆ.

ಅದೇ ಕಾಲದಲ್ಲಿ ಧಾರವಾಡದಲ್ಲಿ ಇನ್ನೊಬ್ಬರು. ಆಲೂರು ವೆಂಕಟರಾಯರು. ವಕೀಲಿಕೆ ಓದಿ, ವಕೀಲಿಕೆ ಮಾಡಿ, ಅದನ್ನ ಬಿಟ್ಟು ನಾಡಿನ ಕೆಲಸಕ್ಕೆ ಇಳಿದವರು. 1917ರಲ್ಲಿ 'ಕರ್ನಾಟಕ ಗತವೈಭವ' ಪುಸ್ತಕ ತಂದ್ರು. ಹರಿದುಹೋಗಿದ್ದ ನಾಡಿನ ಜನಕ್ಕೆ, ನಾವೆಲ್ಲ ಒಂದೇ, ನಮಗೂ ಒಂದು ಇತಿಹಾಸ ಇದೆ ಅಂತ ತಿಳಿಹೇಳಿದ ಪುಸ್ತಕ ಅದು. 1956ರಲ್ಲಿ ಏಕೀಕರಣ ಆದಾಗ ಆಲೂರರು ಅದನ್ನ ಕಣ್ಣಾರೆ ಕಂಡ್ರು. ಜನಸಾಮಾನ್ಯರಿಗಾಗಿ ಬರೆದ ಇತಿಹಾಸಕ್ಕೆ ಅಷ್ಟು ಶಕ್ತಿ ಇದೆ. ಅಷ್ಟು ಶಕ್ತಿ ಇರೋದಕ್ಕೇ ಅದನ್ನ ಕೊಂಡುಕೊಳ್ಳೋಕೆ ಜನ ಕಾಯ್ತಾ ಇರ್ತಾರೆ. ಬೆಲೆ ಇಲ್ಲದ ವಸ್ತುವಿಗೆ ಯಾರು ಮೂರು ಲಕ್ಷ ಕೊಡ್ತಾರೆ ಹೇಳಿ?

ಇನ್ನು ತ.ರಾ.ಸು. ಇವರ ಹೆಸರು ನಿಮಗೆ ಗೊತ್ತು. ಗೊತ್ತಿಲ್ಲದಿದ್ರೂ 'ನಾಗರಹಾವು' ಸಿನಿಮಾ ಗೊತ್ತು. 1972ರಲ್ಲಿ ಪುಟ್ಟಣ್ಣ ಕಣಗಾಲ್ ತೆಗೆದ ಆ ಚಿತ್ರ ತ.ರಾ.ಸು. ಅವರ ಕಾದಂಬರಿಗಳಿಂದ ಬಂದದ್ದು. ಪತ್ರಿಕೆಗಳಲ್ಲಿ ದುಡಿದು, ಆಮೇಲೆ ಬರವಣಿಗೆಯನ್ನೇ ನಂಬಿದವರು. ಚಿತ್ರದುರ್ಗದ ಪಾಳೆಯಗಾರರ ಮೇಲೆ ಒಂದರ ಹಿಂದೊಂದು ಕಾದಂಬರಿ ಬರೆದ್ರು. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ', ಕೊನೆಗೆ 'ದುರ್ಗಾಸ್ತಮಾನ'. 1984ರಲ್ಲಿ ತೀರಿಕೊಂಡ್ರು. 'ದುರ್ಗಾಸ್ತಮಾನ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ. ಆಗ ಅವರೇ ಇರಲಿಲ್ಲ.

ಇಲ್ಲಿ ಒಂದು ಗೆರೆ ಎಳೆಯಬೇಕು. ಗಳಗನಾಥರದ್ದು, ತ.ರಾ.ಸು. ಅವರದ್ದು ಕಾದಂಬರಿ. ಕಾದಂಬರಿಕಾರನಿಗೆ ಕಲ್ಪನೆಯ ಸ್ವಾತಂತ್ರ್ಯ ಇದೆ. ಮದಕರಿ ನಾಯಕ ರಾತ್ರಿ ಒಬ್ಬನೇ ಕೂತು ಏನು ಯೋಚಿಸಿದ ಅಂತ ಅವನು ಬರೆಯಬಹುದು. ಓದುಗನಿಗೂ ಅದು ಕಾದಂಬರಿ ಅಂತ ಗೊತ್ತು. ಆದರೆ ಮುಖಪುಟದ ಮೇಲೆ ಇತಿಹಾಸ ಅಂತ ಹಾಕಿಕೊಂಡವನಿಗೆ ಆ ಸ್ವಾತಂತ್ರ್ಯ ಇಲ್ಲ. ಕಥೆಯಷ್ಟೇ ಸ್ವಾರಸ್ಯವಾಗಿ ಬರೀಲಿ, ಬೇಡ ಅನ್ನಲ್ಲ. ಪ್ರತಿ ಮಾತಿನ ಹಿಂದೆ ಒಂದು ಕಲ್ಲೋ, ಓಲೆಯೋ, ದಫ್ತರವೋ ಇರಬೇಕು.

ಇದನ್ನ ನಾನು ದೊಡ್ಡ ಮನುಷ್ಯನ ಹಾಗೆ ಉಪದೇಶ ಮಾಡ್ತಿಲ್ಲ. ನನ್ನದೇ ಒಂದು ತಪ್ಪನ್ನ ಹೇಳ್ತೀನಿ ಕೇಳಿ.

ಕೆಲವು ವರ್ಷದ ಹಿಂದೆ ಹಂಪಿಯ ಮೇಲೆ ಒಂದು ಕಾರ್ಯಕ್ರಮ ಮಾಡಿದೆ. ಹಿನ್ನೆಲೆಯಲ್ಲಿ ಜೋರು ಸಂಗೀತ, ಡ್ರೋನ್‌ನಿಂದ ತೆಗೆದ ಚಿತ್ರ. ನಾನು ಕೈ ಎತ್ತಿ ಹೇಳಿದೆ, ಮುತ್ತು ರತ್ನಗಳನ್ನ ಸೇರಿನಲ್ಲಿ ಅಳೆದು ಬೀದಿಯಲ್ಲಿ ಮಾರುತ್ತಿದ್ದ ನಾಡು ಇದು ಅಂತ. ಹಾಗಂತ ಪರ್ಷಿಯಾದಿಂದ ಬಂದ ಅಬ್ದುರ್ ರಜಾಕ್ ಬರೆದಿದ್ದಾನೆ ಅಂತಾನೂ ಸೇರಿಸಿದೆ. ಭಾಳ ಚಪ್ಪಾಳೆ ಬಂತು. ಹತ್ತು ದಿನಕ್ಕೆ ಒಂದು ಕಾರ್ಡ್ ಬಂತು. ನಿವೃತ್ತ ಮೇಷ್ಟ್ರೊಬ್ಬರದ್ದು. ಎರಡೇ ಸಾಲು. "ಸೇರಿನಲ್ಲಿ ಅಳೆಯುವ ಮಾತನ್ನು ರಜಾಕ್ ಎಲ್ಲಿ ಬರೆದಿದ್ದಾನೆ? ಪುಟ ತಿಳಿಸಿದರೆ ಉಪಕಾರ."

ನಾನು ಪುಟ ಹುಡುಕೋಕೆ ಹೊರಟೆ. ಅಬ್ದುರ್ ರಜಾಕ್ ನಿಜ. ಶಾರುಖ್ ದೊರೆಯ ರಾಯಭಾರಿಯಾಗಿ 1443ರಲ್ಲಿ ವಿಜಯನಗರಕ್ಕೆ ಬಂದವನು. ಆಗ ಇಮ್ಮಡಿ ದೇವರಾಯ ಆಳ್ತಿದ್ದ. ಮುತ್ತು, ಮಾಣಿಕ್ಯ, ವಜ್ರ, ಪಚ್ಚೆಗಳನ್ನ ಬಜಾರಿನಲ್ಲಿ ಬಹಿರಂಗವಾಗಿ ಮಾರುತ್ತಾರೆ ಅಂತ ಅವನು ಬರೆದಿದ್ದಾನೆ. ಅಷ್ಟೇ. ನಾನು ಅವನ ಬಾಯಲ್ಲಿ ಹಾಕಿದ್ದ ಸೇರು ಅಲ್ಲಿ ಇಲ್ಲ. ಅದು ನಾನು ಶಾಲೆಯಲ್ಲಿ, ಭಾಷಣದಲ್ಲಿ, ಜಾತ್ರೆಯ ನಾಟಕದಲ್ಲಿ ಕೇಳಿಕೊಂಡು ಬಂದ ಸೇರು.

ಯೋಚನೆ ಮಾಡಿ, ಬಹಿರಂಗವಾಗಿ ಮಾರ್ತಿದ್ರು ಅನ್ನೋದೇ ಎಷ್ಟು ದೊಡ್ಡ ಮಾತು! ಕಳ್ಳರ ಭಯ ಇಲ್ಲ, ವ್ಯಾಪಾರಿಗೆ ರಾಜ್ಯದ ಮೇಲೆ ನಂಬಿಕೆ ಇದೆ ಅಂತ ತಾನೇ ಅದರ ಅರ್ಥ? ನಿಜ ಸಾಕಾಗಿತ್ತು. ನನಗೆ ಚಪ್ಪಾಳೆ ಬೇಕಿತ್ತು, ಸೇರು ಹಾಕಿದೆ. ಯಾರೂ ನನಗೆ ಮೂರು ಲಕ್ಷ ಕೊಟ್ಟಿರಲಿಲ್ಲ. ಪುಕ್ಕಟೆಯಾಗಿ ತಪ್ಪು ಮಾಡಿದೆ. ಆ ಮೇಷ್ಟ್ರಿಗೆ ಪತ್ರ ಬರೆದು ತಪ್ಪೊಪ್ಪಿಕೊಂಡೆ. ಕಾರ್ಯಕ್ರಮದಲ್ಲಿ ಹೇಳೋಕೆ ಧೈರ್ಯ ಬಂದಿದ್ದು ಇವತ್ತು.

ಆದ್ದರಿಂದ ಆ ಹುಡುಗನಿಗೆ ನಾನು ಹೇಳಿದ ಮಾತುಗಳು ತಪ್ಪು ಮಾಡಿದವನ ಮಾತುಗಳು. ಫೋನಲ್ಲಿ ಹೇಳಿದ್ದನ್ನೇ ಇಲ್ಲಿ ಹೇಳ್ತೀನಿ. ಇದೇ ಆಸೆ ಇಟ್ಟುಕೊಂಡ ಇನ್ನೂ ನೂರಾರು ಹುಡುಗ ಹುಡುಗಿಯರು ಈ ಕಾರ್ಯಕ್ರಮ ನೋಡ್ತಿರ್ತಾರೆ ಅಂತ ಗೊತ್ತು.

ಒಂದು, ಈಗಲೇ ಕೆಲಸ ಬಿಡಬೇಡ. ಅಮೆರಿಕದಲ್ಲಿ ಡೇವಿಡ್ ಮೆಕಲಾ ಅಂತ ಒಬ್ಬ ಇತಿಹಾಸಕಾರರಿದ್ರು. ಓದಿದ್ದು ಇಂಗ್ಲಿಷ್ ಸಾಹಿತ್ಯ. ಇತಿಹಾಸದ ಪ್ರೊಫೆಸರ್ ಅಲ್ಲ. ಒಂದು ಪತ್ರಿಕೆಯಲ್ಲಿ ಕೆಲಸ ಮಾಡ್ತಾ, ಬಿಡುವಿನ ವೇಳೆಯಲ್ಲಿ ಮೂರು ವರ್ಷ ಕೂತು ಮೊದಲ ಪುಸ್ತಕ ಬರೆದ್ರು. 1889ರಲ್ಲಿ ಪೆನ್ಸಿಲ್ವೇನಿಯಾದ ಜಾನ್ಸ್‌ಟೌನ್ ಊರಿನ ಮೇಲ್ಗಡೆ ಒಂದು ಅಣೆಕಟ್ಟು ಒಡೆದು 2,200ಕ್ಕೂ ಹೆಚ್ಚು ಜನ ಸತ್ತರು. ಅದರ ಕಥೆ. ಪುಸ್ತಕ ಬಂದದ್ದು 1968ರಲ್ಲಿ. ಅದು ಗೆದ್ದ ಮೇಲೆ ನೌಕರಿ ಬಿಟ್ಟು ಪೂರ್ಣಾವಧಿ ಲೇಖಕರಾದ್ರು. ಆಮೇಲೆ ಎರಡು ಸಲ ಪುಲಿಟ್ಜರ್ ಬಹುಮಾನ ಬಂತು.

ಇದರಲ್ಲಿ ನನಗೆ ಮುಖ್ಯ ಅನ್ನಿಸೋದು ಬೇರೆ. ಆ ಅಣೆಕಟ್ಟು ಯಾರದ್ದು ಗೊತ್ತಾ? ಶ್ರೀಮಂತರ ಒಂದು ಕ್ಲಬ್ಬಿನದು. ಮೀನು ಹಿಡಿಯೋಕೆ, ದೋಣಿ ಬಿಡೋಕೆ ಇಟ್ಟುಕೊಂಡಿದ್ದ ಕೆರೆ. ಕಾರ್ನೆಗಿಯಂಥ ಕುಬೇರರು ಅದರ ಸದಸ್ಯರು. ಮೆಕಲಾ ಅಂಥವರ ಹಣದಲ್ಲಿ ಆ ಪುಸ್ತಕ ಬರೆಯೋಕೆ ಕೂತಿದ್ರೆ ಅಣೆಕಟ್ಟನ್ನ ಸರಿಯಾಗಿ ನೋಡಿಕೊಳ್ಳಲಿಲ್ಲ ಅನ್ನೋ ಮಾತು ಬರೆಯೋಕಾಗ್ತಿತ್ತಾ? ಅನ್ನ ಬೇರೆ ಕಡೆಯಿಂದ ಬರ್ತಿತ್ತು, ಅದಕ್ಕೆ ಪೆನ್ನು ಸ್ವತಂತ್ರವಾಗಿತ್ತು. ನಿನ್ನ ಸಾಫ್ಟ್‌ವೇರ್ ಕೆಲಸವನ್ನ ಬೇಡಿ ಅಂದ್ಕೋಬೇಡ ತಮ್ಮಾ. ಸದ್ಯಕ್ಕೆ ನಿನ್ನ ಸ್ವಾತಂತ್ರ್ಯಕ್ಕೆ ಸಂಬಳ ಕೊಡ್ತಿರೋದು ಅದೇ.

ಎರಡು, ಸಣ್ಣ ವಿಷಯ ಹಿಡಿ. ಹೊಸಬರೆಲ್ಲ ನೇರವಾಗಿ ಪುಲಕೇಶಿ, ಕೃಷ್ಣದೇವರಾಯ ಅಂತ ಹೋಗ್ತಾರೆ. ಅಲ್ಲಿ ಈಗಾಗಲೇ ಸಾಲು ಸಾಲು ಪುಸ್ತಕ ಇದೆ. ನಿನ್ನ ಜಿಲ್ಲೆಯಲ್ಲೇ ಬ್ಯಾಡಗಿ ಇದೆ. ಬ್ಯಾಡಗಿ ಮೆಣಸಿನಕಾಯಿ ಅಂದ್ರೆ ದೇಶಕ್ಕೆಲ್ಲ ಗೊತ್ತು. ಮೆಣಸಿನಕಾಯಿ ಗಿಡ ಈ ಮಣ್ಣಿಂದಲ್ಲ, ಅಮೆರಿಕ ಖಂಡದ್ದು, ಪೋರ್ಚುಗೀಸರು ಸಮುದ್ರ ದಾಟಿ ಬಂದ ಮೇಲೆ ನಮ್ಮ ನಾಡಿಗೆ ಬಂದದ್ದು ಅಂತ ಎಷ್ಟು ಜನಕ್ಕೆ ಗೊತ್ತು? 600 ವರ್ಷದ ಹಿಂದೆ ನಮ್ಮ ಅಜ್ಜಿಯರ ಅಡುಗೆಯಲ್ಲಿ ಖಾರ ಅಂದ್ರೆ ಕಾಳುಮೆಣಸು. ಸಮುದ್ರದಾಚೆಯ ಒಂದು ಕಾಯಿ ಧಾರವಾಡ ಸೀಮೆಯ ಹೊಲಕ್ಕೆ ಬಂದು, ಜವಾರಿ ಅನ್ನಿಸಿಕೊಂಡು, ಒಂದು ಪಟ್ಟಣವನ್ನೇ ಕಟ್ಟಿದೆ. ಇದು ಇತಿಹಾಸ ಅಲ್ವಾ? ಮನೆಯಲ್ಲಿ ಒಗ್ಗರಣೆ ಹಾಕೋ ಪ್ರತಿಯೊಬ್ಬರೂ ಓದ್ತಾರೆ ಇದನ್ನ.

ಮೂರು, ಆಕರ ಓದೋದು ಕಲಿ. ಬಿ.ಎಲ್. ರೈಸ್ ಅನ್ನೋ ಬೆಂಗಳೂರಲ್ಲೇ ಹುಟ್ಟಿದ ಇಂಗ್ಲಿಷಿನವರು ಹಳೇ ಮೈಸೂರಿನ ಊರೂರು ಸುತ್ತಿ, ಸಾವಿರಾರು ಶಾಸನ ಪ್ರತಿ ಮಾಡಿಸಿ, 1886ರಿಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನ ಹೊರತಂದ್ರು. ಆ ಹಳೆಯ ಸಂಪುಟಗಳು ಇವತ್ತು ಕಾಸು ಖರ್ಚಿಲ್ಲದೆ ನಿನ್ನ ಮೊಬೈಲಿನಲ್ಲೇ ಸಿಗುತ್ತವೆ. ಜಿಲ್ಲಾ ಗೆಜೆಟಿಯರುಗಳಿವೆ, ರಾಜ್ಯ ಪತ್ರಾಗಾರ ಇದೆ. ಕೂತು ಓದುವವರು ಬೇಕು. ಧಾರವಾಡದ ಕಡೆ ಬರೆಯೋದಾದ್ರೆ ಮೋಡಿ ಲಿಪಿ ಕಲಿ, ಪೇಶ್ವೆ ಕಾಲದ ಕಾಗದ ನಿನಗೆ ತೆರೆದುಕೊಳ್ಳುತ್ತೆ. ವಾಟ್ಸಪ್ಪಿನಲ್ಲಿ ಬಂದದ್ದನ್ನ ಚೆಂದದ ಕನ್ನಡದಲ್ಲಿ ಬರೆಯೋನು ಇತಿಹಾಸ ಲೇಖಕ ಅಲ್ಲ, ಟೈಪಿಸ್ಟು.

ಇನ್ನೊಂದು ವಿಷಯ. ಹೊಸ ಕಲ್ಲು ಸಿಕ್ಕರೆ ಹಳೇ ಮಾತು ಬದಲಾಗುತ್ತೆ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿ ಒಂದು ಕಲ್ಲು ಗುರುತಿಸಿದ್ರು. ಐದನೇ ಶತಮಾನದ ಕನ್ನಡ. ಒಂದೇ ಕಲ್ಲು, ನಮ್ಮ ಬರಹದ ಚರಿತ್ರೆಯನ್ನ ಹಿಂದಕ್ಕೆ ಒಯ್ದುಬಿಡ್ತು. ಕನ್ನಡಕ್ಕೆ ಶಾಸ್ತ್ರೀಯ ಸ್ಥಾನಮಾನ ಕೇಳುವಾಗಲೂ ನಾವೆಲ್ಲ ತೋರಿಸಿದ್ದು ಅದೇ ಕಲ್ಲನ್ನ. ಯಾರಾದ್ರೂ ಅವತ್ತು ಕೃಷ್ಣ ಅವರಿಗೆ, ಆ ಕಲ್ಲನ್ನ ನೋಡಿಲ್ಲ ಅಂದ್ಕೊಳ್ಳಿ ಅಂದಿದ್ರೆ? ಒಂದು ಕಲ್ಲು ಅಂದ್ರೆ ಸಣ್ಣದಲ್ಲ.

ನಾಲ್ಕು, ಸಹಿ ಹಾಕೋ ಮುಂಚೆ ಓದು. ಇದು ಭಾಳ ಮುಖ್ಯ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬರೆದ ಪುಸ್ತಕದ ಹಕ್ಕು ಲೇಖಕ ಇರೋವರೆಗೂ ಅವನದ್ದು, ಸತ್ತ ಮೇಲೂ 60 ವರ್ಷ ಅವನ ವಾರಸುದಾರರದ್ದು. 1984ರಲ್ಲಿ ತೀರಿಕೊಂಡ ತ.ರಾ.ಸು. ಅವರ ಬರಹದ ಮೇಲೆ 2044ರ ಕೊನೆಯವರೆಗೆ ಹಕ್ಕು ಇರುತ್ತೆ. ಅಂಥದ್ದನ್ನ ಹತ್ತಿಪ್ಪತ್ತು ಸಾವಿರಕ್ಕೆ "ಎಲ್ಲ ಹಕ್ಕೂ ನಿಮಗೇ" ಅಂತ ಬರೆದುಕೊಡಬೇಡ. ಅಚ್ಚಿನ ಹಕ್ಕು ಬೇರೆ, ಅನುವಾದದ ಹಕ್ಕು ಬೇರೆ, ಆಡಿಯೋ ಬೇರೆ, ಸಿನಿಮಾ ಬೇರೆ. ಒಂದೊಂದನ್ನೂ ಒಂದೊಂದು ಹೊಲ ಅಂದ್ಕೊ. ಪೂರ್ತಿ ಜಮೀನನ್ನ ಒಂದೇ ಸಹಿಯಲ್ಲಿ ಮಾರಬೇಡ.

ಐದು, ಪುಸ್ತಕ ಒಂದನ್ನೇ ನಂಬಬೇಡ. ಅಂಕಣ ಬರಿ. ವಾರಕ್ಕೊಂದು ದಿನ ಜನರನ್ನ ಕರ್ಕೊಂಡು ಹೋಗಿ ಗುಡಿ, ಕೋಟೆ, ಕೆರೆ ತೋರಿಸು, ತಲೆಗೆ ಇಷ್ಟು ಅಂತ ಶುಲ್ಕ ತಗೊ. ಶಾಲೆಗಳಲ್ಲಿ ಮಾತಾಡು. ನಿನ್ನ ದನಿಯಲ್ಲೇ ಆಡಿಯೋ ಮಾಡು. ಒಂದೊಂದರಿಂದ ಸ್ವಲ್ಪ ಸ್ವಲ್ಪ. ಹಳ್ಳಿಯಲ್ಲಿ ಒಕ್ಕಲುತನ ಮಾಡೋರು ಎಮ್ಮೆಯನ್ನೂ ಕಟ್ಟಿರ್ತಾರೆ, ಕೋಳಿಯನ್ನೂ ಸಾಕಿರ್ತಾರೆ. ಮಳೆ ಕೈಕೊಟ್ರೆ ಹಾಲು ಕಾಯುತ್ತೆ. ಅದೇ ಲೆಕ್ಕ.

ಇಷ್ಟು ಹೇಳಿದ ಮೇಲೆ ಹುಡುಗ ಕೇಳಿದ. "ಎಲ್ಲಾ ಸರಿ ಸರ್. ನನ್ನ ಒಂದು ಲೇಖನ ಇದೆ. ಎಂಟು ತಿಂಗಳು ತಿರುಗಿ ಬರೆದದ್ದು. ಯಾರೋ ಅದನ್ನ ಹನ್ನೆರಡು ನಿಮಿಷದ ವಿಡಿಯೋ ಮಾಡಿದ್ದಾರೆ. ಲಕ್ಷಗಟ್ಟಲೆ ಜನ ನೋಡಿದ್ದಾರೆ. ಎಲ್ಲೂ ನನ್ನ ಹೆಸರಿಲ್ಲ."

ಕಾನೂನು ಏನ್ ಹೇಳುತ್ತೆ ಅಂದ್ರೆ, ನಿನ್ನ ವಾಕ್ಯ ನಿನ್ನದು, ಆದರೆ ನೀನು ಹುಡುಕಿದ ಸಂಗತಿ ಎಲ್ಲರದ್ದು. ಸಂಗತಿಗೆ ಕೃತಿಸ್ವಾಮ್ಯ ಇಲ್ಲ. ಇರಬಾರದು ಕೂಡ, ಇತಿಹಾಸ ಯಾರೊಬ್ಬರ ಆಸ್ತಿ ಆಗಬಾರದು. ಆದರೆ ಕಾನೂನು ಬೇರೆ, ಮರ್ಯಾದೆ ಬೇರೆ. ಇದನ್ನ ಹೇಳುವಾಗ ನಾನು ನನ್ನ ಕಡೆಯೇ ಬೆರಳು ತೋರಿಸಬೇಕು. ನಾವು ಟಿವಿಯವರು ದಸರಾ ಬಂದ್ರೆ, ರಾಜ್ಯೋತ್ಸವ ಬಂದ್ರೆ ಅರ್ಧ ಗಂಟೆ ಇತಿಹಾಸ ಹೇಳ್ತೀವಿ. ಅದನ್ನ ಯಾರದೋ ಪುಸ್ತಕದಿಂದಲೇ ಓದಿರ್ತೀವಿ. ಅವರ ಹೆಸರು ಹೇಳೋಕೆ ಎಷ್ಟು ಹೊತ್ತು ಬೇಕು? ನಾಲ್ಕು ಸೆಕೆಂಡು. ಆ ನಾಲ್ಕು ಸೆಕೆಂಡು ನಾವು ಕೊಟ್ಟಿಲ್ಲ. ಇನ್ನು ಮುಂದೆ ನನ್ನ ಕಾರ್ಯಕ್ರಮದಲ್ಲಿ ಇತಿಹಾಸದ ಮಾತು ಬಂದರೆ ಲೇಖಕರ ಹೆಸರು, ಪುಸ್ತಕದ ಹೆಸರು ತೆರೆಯ ಮೇಲೆ ಬರುತ್ತೆ. ಬರದಿದ್ರೆ ಆ ಮೇಷ್ಟ್ರ ಹಾಗೆ ಒಂದು ಕಾರ್ಡ್ ಹಾಕಿ. ಎರಡು ಸಾಲು ಸಾಕು.

ಈಗ ಆ ಮೂರು ಲಕ್ಷದ ಮಾತು.

ನಾನು ಹುಡುಗನಿಗೆ "ತಗೋಬೇಡ" ಅಂತ ಹೇಳಲಿಲ್ಲ. ತಿಂಗಳು ತಿಂಗಳು ಸಂಬಳ ತಗೊಳ್ಳೋ ನಾನು ಇನ್ನೊಬ್ಬರಿಗೆ ಹಸಿವಿನ ಪಾಠ ಮಾಡೋದು ಸರಿಯಲ್ಲ. ಒಂದೇ ಮಾತು ಹೇಳಿದೆ. "ಇವತ್ತು ನೀನು ಆ ಕಲ್ಲನ್ನ ಬಿಟ್ಟು ಬರೆದೆ ಅಂತಿಟ್ಕೊ. ಕಲ್ಲು ಅಲ್ಲೇ ಇರುತ್ತೆ. ನಾಳೆ ನಿನ್ನಂಥವನೇ ಇನ್ನೊಬ್ಬ ಹುಡುಗ ಬೈಕಲ್ಲಿ ಹೋಗಿ ಅದನ್ನ ಓದ್ತಾನೆ. ಆಮೇಲೆ ನಿನ್ನ ಹತ್ತನೇ ಪುಸ್ತಕವನ್ನೂ ಜನ ಆ ಮೊದಲ ಪುಸ್ತಕದ ಕಣ್ಣಲ್ಲೇ ನೋಡ್ತಾರೆ. ಯೂನಿವರ್ಸಿಟಿಯ ಪ್ರೊಫೆಸರ್ ತಪ್ಪು ಮಾಡಿದ್ರೂ ಅವರ ಕುರ್ಚಿ ಇರುತ್ತೆ. ನಿನಗೆ ಕುರ್ಚಿ ಇಲ್ಲ. ಓದುಗರ ನಂಬಿಕೆ ಒಂದೇ ನಿನ್ನ ಬಂಡವಾಳ. ಮೂರು ಲಕ್ಷಕ್ಕೆ ಅದು ಹೆಚ್ಚಾಯ್ತೋ ಕಡಿಮೆಯಾಯ್ತೋ, ಲೆಕ್ಕ ನೀನೇ ಹಾಕು."

ಆ ದೊಡ್ಡ ಮನುಷ್ಯರನ್ನೂ ನಾನು ಬಯ್ಯಲ್ಲ. ತಮ್ಮ ಹಿರಿಯರ ಬಗ್ಗೆ ಅಭಿಮಾನ ಇರೋದು ತಪ್ಪಲ್ಲ. ಎಷ್ಟೋ ಸಮುದಾಯಗಳ ಕಥೆಯನ್ನ ಇಷ್ಟು ವರ್ಷ ಯಾರೂ ಬರೆಯಲೇ ಇಲ್ಲ. ಬರೆಸಬೇಕು ಅಂತ ಮುಂದೆ ಬಂದಿದ್ದಾರೆ, ಸಂತೋಷ. ಆದರೆ ಒಂದು ಮಾತು ಸ್ವಾಮಿ. ನಿಮ್ಮ ವೀರ ನಿಜವಾಗಿ ವೀರನೇ ಆಗಿದ್ರೆ ಒಂದು ಕಲ್ಲಿಗೆ ಯಾಕೆ ಹೆದರ್ತೀರಿ? ಊರು ಬೇರೆ ಆದ್ರೆ ಅವನ ಕತ್ತಿ ಮೊಂಡಾಗುತ್ತಾ?

ಇನ್ನು ನಿಮ್ಮ ಸರದಿ. ಈ ಕಾರ್ಯಕ್ರಮ ನೋಡ್ತಿರೋ ನಿಮ್ಮದು.

ನಾವೆಲ್ಲ ಇತಿಹಾಸದ ಬಗ್ಗೆ ಭಾಳ ಮಾತಾಡ್ತೀವಿ. ಸಿನಿಮಾದಲ್ಲಿ ಒಂದು ದೃಶ್ಯ ತಪ್ಪಾದ್ರೆ ಬೀದಿಗೆ ಬರ್ತೀವಿ. ಪಠ್ಯಪುಸ್ತಕದ ಒಂದು ಪ್ಯಾರಾಕ್ಕೆ ವಾರಗಟ್ಟಲೆ ಜಗಳ ಆಡ್ತೀವಿ, ನಾನು ಆ ಜಗಳವನ್ನ ಇಲ್ಲೇ ಕೂತು ನಡೆಸಿದ್ದೀನಿ ಕೂಡ. ಒಳ್ಳೇದು. ಆದರೆ ಕೈ ಎದೆ ಮೇಲೆ ಇಟ್ಟುಕೊಂಡು ಹೇಳಿ, ಕಳೆದ ಒಂದು ವರ್ಷದಲ್ಲಿ ನಿಮ್ಮ ನಾಡಿನ ಇತಿಹಾಸದ ಒಂದು ಪುಸ್ತಕ ದುಡ್ಡು ಕೊಟ್ಟು ತಗೊಂಡ್ರಾ? ಗೆಳೆಯ ಬರೆದಿದ್ರೆ "ನನಗೊಂದು ಕಾಪಿ ಕೊಡಪ್ಪಾ" ಅಂತ ಪುಕ್ಕಟೆ ಕೇಳಿದ್ದು ಎಷ್ಟು ಸಲ? ಪಿಡಿಎಫ್ ಬಂದಾಗ ಹತ್ತು ಗ್ರೂಪಿಗೆ ಕಳಿಸಿದ್ದು ಎಷ್ಟು ಸಲ? ಇಬ್ಬರು ಹೋಟೆಲಿನಲ್ಲಿ ಮಸಾಲೆ ದೋಸೆ, ಕಾಫಿ ಮುಗಿಸಿ ಎದ್ದರೆ 200 ರೂಪಾಯಿ ಆಯ್ತು. ಅಷ್ಟೇ ದುಡ್ಡಿಗೆ ಒಬ್ಬ ಮನುಷ್ಯನ ಎರಡು ವರ್ಷ ಸಿಗುತ್ತೆ.

ಮತ್ತೆ ಲೆಕ್ಕ ಮಾಡ್ತೀನಿ. ಇಡೀ ಕರ್ನಾಟಕದಲ್ಲಿ ಹದಿನೈದು ಸಾವಿರ ಜನ, ಹದಿನೈದೇ ಸಾವಿರ, ಆ ಹುಡುಗನ ಪುಸ್ತಕ ಕೊಂಡುಕೊಂಡ್ರೆ ಅವನಿಗೆ 20 ರೂಪಾಯಿಯಂತೆ ಎಷ್ಟಾಯ್ತು? ಮೂರು ಲಕ್ಷ. ಆ ದೊಡ್ಡ ಮನುಷ್ಯರು ಕೊಡ್ತೀನಿ ಅಂದಷ್ಟೇ. ಒಂದು ಕಲ್ಲನ್ನೂ ಅಡಗಿಸಿ ಇಡಬೇಕಾಗಿಲ್ಲ.

ನಿನ್ನೆ ಹುಡುಗನಿಂದ ಮೆಸೇಜ್ ಬಂತು. ಅವನ ಅನುಮತಿ ಕೇಳಿಯೇ ಓದ್ತಿದ್ದೀನಿ. "ಸರ್, ಶಾಸನ ಮೂರನೇ ಅಧ್ಯಾಯದಲ್ಲಿ ಇರುತ್ತೆ ಅಂದೆ. ಅವರು ಫೋನ್ ಇಟ್ಟುಬಿಟ್ರು. ಕೆಲಸ ಬಿಟ್ಟಿಲ್ಲ. ದಿನಾ ಬೆಳಗ್ಗೆ ಐದಕ್ಕೆ ಎದ್ದು ಎರಡು ಗಂಟೆ ಬರೀತಿದ್ದೀನಿ. ಅಪ್ಪ ನಿನ್ನೆ ಟೀ ಮಾಡ್ಕೊಟ್ರು."

ಅಪ್ಪ ಟೀ ಮಾಡ್ಕೊಟ್ರು. ಮನೆಯಲ್ಲಿ ಒಪ್ಪಿಗೆ ಹೀಗೇ ಬರೋದು, ಸೀಲು ಸಹಿ ಇರಲ್ಲ. ಆದರೆ ಅಪ್ಪನ ಪ್ರಶ್ನೆ ಇನ್ನೂ ಹಾಗೇ ಇದೆ. ತಿಂಗಳಿಗೆ ಎಷ್ಟು ಬರುತ್ತೆ? ಅದಕ್ಕೆ ಉತ್ತರ ಆ ಹುಡುಗನ ಹತ್ತಿರ ಇಲ್ಲ. ನಿಮ್ಮ ಜೇಬಿನಲ್ಲಿದೆ, ನನ್ನ ಜೇಬಿನಲ್ಲಿದೆ.

ಯೋಚನೆ ಮಾಡಿ. ನಾಳೆ ಸಿಗೋಣ.